ಬರೀ ನೀರಿನಲ್ಲಿ ಹತ್ತು ದಿನ

ಸೂಕ್ಷ್ಮದರ್ಶಕದ ಹೊದಿಕೆ ತೆಗೆದು, ಮತ್ತೆ ಹೊದಿಸಿ, ಕೈ ತೊಳೆಯಲು ಹೋದವನು ಇದು ಮೂರನೆಯ ಸಲ ಎಂಬುದು ನೆನಪಾಗಿ ನಲ್ಲಿಯ ಮುಂದೆ ಸುಮ್ಮನೆ ನಿಂತ. ಕೈಯಲ್ಲಿ ಕೊಳೆಯೇನೂ ಇರಲಿಲ್ಲ. ಮೂವತ್ತು ವರ್ಷದಿಂದ ಈ ಪ್ರಯೋಗಾಲಯದಲ್ಲಿ ಹುಳ ಸಾಕುತ್ತಿದ್ದವನ ಕೈಯಲ್ಲಿ ಕೊಳೆ ಕಂಡವರು ಯಾರೂ ಇಲ್ಲ. ಹೊರಗಿನಿಂದ ಬಂದ ಪಂಡಿತರೂ ಅವನ ತೊಟ್ಟಿಗಳನ್ನು ಬಗ್ಗಿ ನೋಡಿ ತಲೆದೂಗಿ ಹೋಗುತ್ತಿದ್ದರು. ಅವನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು; ಉಳಿದಂತೆ ಅವನು ಎಲ್ಲರಿಗೂ ಹುಳದಣ್ಣ, ತನಗಿಂತ ಹಿರಿಯರಿಗೂ ಅಣ್ಣನೇ. ಇವತ್ತು ಶುಕ್ರವಾರ, ಹತ್ತನೆಯ ದಿನ. ಕಿಟಕಿಯ ಪಕ್ಕದ ಕಪಾಟಿನಲ್ಲಿ, ಹಳೆಯ ಕ್ಯಾಲೆಂಡರಿನ ಹಾಳೆಯೊಂದರಿಂದ ಮುಚ್ಚಿಟ್ಟ ಗಾಜಿನ ಬಟ್ಟಲು ಇತ್ತು. ಅದರಲ್ಲಿ ಬರೀ ನೀರು, ನೀರಿನಲ್ಲಿ ಮೂರು ತುಂಡು ಹುಳ. ತುಂಡು ಮಾಡಿದವನು ಅವನೇ, ಯಾರಿಗೂ ಹೇಳದೆ. ಏನಾಗಬೇಕೋ ಅದು ಇಷ್ಟು ಹೊತ್ತಿಗೆ ಆಗಿಹೋಗಿರಬೇಕು. ನೋಡಿಬಿಟ್ಟರೆ ಮುಗಿಯಿತು. ನೋಡದೆ ದಿನ ತಳ್ಳೋಣ ಎಂದರೆ ಹನ್ನೊಂದು ಗಂಟೆಗೆ ಅವಳು ಬರುತ್ತಾಳೆ, ಗೋಡೆಯ ಗಡಿಯಾರದಲ್ಲಿ ಆಗಲೇ ಹತ್ತು ಹೊಡೆದು ಐದು ನಿಮಿಷವಾಗಿತ್ತು.

ಅವಳು ಎಂದರೆ ಇನ್ನೊಂದ್ಸಲ. ಆ ಸಂಶೋಧಕಿಗೆ ಆ ಅಡ್ಡಹೆಸರು ಇಟ್ಟವನೂ ಇವನೇ. ಬಂದ ಹೊಸದರಲ್ಲಿ ಬಟ್ಟಲಿನ ಹುಳಗಳನ್ನು ಎಣಿಸಿ, ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿದ ಮೇಲೆ ಅವಳು “ಇನ್ನೊಂದ್ಸಲ” ಎಂದು ತನಗೆ ತಾನೇ ಹೇಳಿಕೊಂಡು ಮೊದಲಿಂದ ಶುರು ಮಾಡುತ್ತಿದ್ದಳು. ಚಹಾ ತಣ್ಣಗಾಗುತ್ತಿತ್ತು, ಎಣಿಕೆ ಮುಗಿಯುತ್ತಿರಲಿಲ್ಲ. ನಾಲ್ಕು ವರ್ಷ ಹೀಗೆ ಎಣಿಸಿದವಳು ಎಂಟು ತಿಂಗಳ ಹಿಂದೆ ಒಂದು ಮಂಗಳವಾರ ಚೀಲ ಎತ್ತಿಕೊಂಡು ಹೊರಟುಹೋದಳು. ಈಗ ಯಾವುದೋ ಶಾಲೆಯಲ್ಲಿ ಪಾಠ ಹೇಳುತ್ತಾಳಂತೆ. ಬಿಡುಗಡೆ ಪತ್ರಕ್ಕೆ ಎಲ್ಲ ವಿಭಾಗಗಳ ಸಹಿ ಬೇಕು, ಕೊನೆಯದು ಹುಳದ ಕೋಣೆಯದು, ಶುಕ್ರವಾರ ಹನ್ನೊಂದಕ್ಕೆ ಬರುತ್ತೇನೆ ಎಂದು ಕಚೇರಿಗೆ ಹೇಳಿ ಕಳಿಸಿದ್ದಳು. ಬ್ಲೇಡು, ಬಟ್ಟಲು, ಮಸೂರ ಎಲ್ಲ ಹಿಂದಿರುಗಿಸಿದ್ದಾಳೆ ಎಂದು ಇವನು ಬರೆದು ಸಹಿ ಹಾಕಿದರೆ ಅವಳ ಹೆಸರು ಇಲ್ಲಿಂದ ಅಳಿಯಿತು, ನಾಲ್ಕು ವರ್ಷದ ಕಾಗದ ಹಗ್ಗ ಕಟ್ಟಿಸಿಕೊಂಡು ನೆಲಮಾಳಿಗೆಗೆ ಹೋಯಿತು. ಒಂದು ಸಹಿ. ಮೂವತ್ತು ವರ್ಷದಲ್ಲಿ ಯಾರೂ ಅವನ ಸಹಿಗೆ ಇಷ್ಟು ಬೆಲೆ ಕೊಟ್ಟಿರಲಿಲ್ಲ ಎಂದು ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ.

ಹುಳ ಎಂದರೆ ಅಂಥದ್ದೇನೂ ಅಲ್ಲ. ಕಿರುಬೆರಳಿನ ಉಗುರಿನಷ್ಟು ಉದ್ದ, ಚಪ್ಪಟೆ, ಕಂದು ಬಣ್ಣ, ತಲೆಯ ಮೇಲೆ ಎರಡು ಮೆಳ್ಳೆಗಣ್ಣು. ಆ ಕಣ್ಣಿನಿಂದಾಗಿ ಅದು ಯಾವಾಗಲೂ ಏನನ್ನೋ ಮರೆತು ನೆನಪು ಮಾಡಿಕೊಳ್ಳುತ್ತಿರುವಂತೆ ಕಾಣುತ್ತದೆ. ತಲೆ ಕತ್ತರಿಸಿದರೆ ತಲೆ ಬೆಳೆಯುತ್ತದೆ, ಬಾಲ ಕತ್ತರಿಸಿದರೆ ಬಾಲ. ನಡುವಿನ ತುಂಡಿಗೆ ಯಾವ ಕಡೆ ತಲೆ, ಯಾವ ಕಡೆ ಬಾಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲಸಕ್ಕೆ ಸೇರಿದ ವರ್ಷ ಅವನು ಇದನ್ನು ನೋಡಿ ಊಟ ಬಿಟ್ಟು ಕೂತಿದ್ದ, ಮನೆಗೆ ಹೋಗಿ ಅಮ್ಮನಿಗೆ ಹೇಳಿದಾಗ ಅವಳು ಪಾತ್ರೆ ತೊಳೆಯುತ್ತಾ, “ಅದಕ್ಕೆ ನೋವಾಗಲ್ವೇನೋ?” ಎಂದಷ್ಟೇ ಕೇಳಿದ್ದಳು. ಆಮೇಲೆ ಎಲ್ಲ ಬೆರಗಿಗೂ ಆಗುವಂತೆ ಇದಕ್ಕೂ ಆಯಿತು. ವಾರಕ್ಕೆರಡು ಸಲ ಲಿವರಿನ ಚೂರು ಹಾಕುವುದು, ನೀರು ಬದಲಿಸುವುದು, ಬಟ್ಟಲು ತೊಳೆಯುವುದು. ಪವಾಡಕ್ಕೂ ಬಟ್ಟಲು ತೊಳೆಯುವವರು ಬೇಕಲ್ಲ. ಮತ್ತೆ ಸೋಮವಾರ ಬೆಳಿಗ್ಗೆ ತಳಿ ಶುದ್ಧಿ. ಅವನಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಹೇಳಿದ್ದು ಇಷ್ಟೇ: “ತಳಿ ಕೆಡಬಾರದು. ಓರೆಕೋರೆ ಕಂಡ್ರೆ ಎತ್ತಿ ಬಿಸಾಕು, ಅದರ ಜಾಗಕ್ಕೆ ಒಳ್ಳೇದು ಹಾಕಿಡು.” ಎತ್ತಿದ್ದನ್ನು ಬ್ಲೀಚಿನ ಡಬ್ಬಿಗೆ ಹಾಕಿದರೆ ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಅದು ಕೊಲ್ಲುವುದು ಎಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ, ಗುಡಿಸುವುದು ಎಂದೇ ಅನಿಸಿತ್ತು.

ಆ ಇನ್ನೊಂದ್ಸಲ ಎಂಬವಳು ಹುಳಕ್ಕೆ ಎರಡು ತಲೆ ಬರಿಸಿದ್ದಳು. ತಲೆಬಾಲ ಕತ್ತರಿಸಿದ ತುಂಡನ್ನು ಮೂರು ದಿನ ಒಂದು ಮದ್ದಿನಲ್ಲಿ ಇಟ್ಟರೆ ಒಳಗಿನ ಜೀವಕೋಶಗಳು ಒಂದರೊಡನೊಂದು ನಡೆಸುವ ಸಣ್ಣ ವಿದ್ಯುತ್ತಿನ ಮಾತುಕತೆ ಕಡಿದುಹೋಗಿ, ಬಾಲ ಬರಬೇಕಾದ ಕಡೆಯೂ ತಲೆಯೇ ಬರುತ್ತಿತ್ತು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಮದ್ದು ಹಾಕಿದರೆ ಯಾರ ಮೈ ಕೆಡುವುದಿಲ್ಲ? ತಕರಾರು ಬಂದದ್ದು ಅವಳ ಮುಂದಿನ ಮಾತಿಗೆ. ಆ ಎರಡೂ ತಲೆ ಕತ್ತರಿಸಿ, ನಡುವಿನ ತುಂಡನ್ನು ಈಗ ಬರೀ ನೀರಿನಲ್ಲಿ ಬಿಟ್ಟರೂ ಅದು ಮತ್ತೆ ಎರಡು ತಲೆಯನ್ನೇ ಬೆಳೆಸುತ್ತದೆ ಎಂದಳು. ಜೀನ್ ಪರೀಕ್ಷೆ ಮಾಡಿಸಿದ್ದಳು. ಒಂದು ತಲೆಯದಕ್ಕೂ ಎರಡು ತಲೆಯದಕ್ಕೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಎಂದು ಕರೆಯುವವರು, ಕನ್ನಡಕ ಒರೆಸುತ್ತಾ ನಕ್ಕರು. “ನೋಡಮ್ಮ, ಎಲ್ಲಾ ಜೀನ್‌ನಲ್ಲಿ ಬರೆದಿರುತ್ತೆ. ಬರೆದದ್ದು ಹಾಗೇ ಇರುವಾಗ ಆಕಾರ ಹೇಗೆ ಬದಲಾಗುತ್ತೆ? ಮದ್ದಿನ ಅಮಲು ಇಳಿದರೆ ಹುಳ ತಾನಾಗೇ ದಾರಿಗೆ ಬರುತ್ತೆ.” ಅವಳು ಹೆದರಲಿಲ್ಲ. “ಸಾರ್, ಜೀನ್ ಇಟ್ಟಿಗೆ ಮರಳಿನ ಪಟ್ಟಿ ಕೊಡುತ್ತೆ. ಮನೆ ಹೇಗಿರಬೇಕು ಅಂತ ಕೆಲಸದವರು ತಮ್ಮತಮ್ಮಲ್ಲೇ ಮಾತಾಡ್ಕೊಂಡು ತೀರ್ಮಾನ ಮಾಡ್ತಾರೆ. ಒಂದು ಸಲ ತೀರ್ಮಾನ ಆದ್ರೆ ನೆನಪಿಟ್ಕೋತಾರೆ.” “ಯಾರಮ್ಮ ನೆನಪಿಟ್ಕೊಳ್ಳೋದು? ಹುಳಾನಾ?” “ಮೈ, ಸಾರ್. ಇಡೀ ಮೈ.” ಎಲ್ಲರೂ ಗೊಳ್ಳೆಂದು ನಕ್ಕರು. ಹಿಂದೆ ಬಟ್ಟಲು ತೊಳೆಯುತ್ತಿದ್ದ ಅವನೂ ನಕ್ಕಿದ್ದ, ಎಲ್ಲರಿಗಿಂತ ಸ್ವಲ್ಪ ಹೆಚ್ಚಾಗಿಯೇ. ಅವಳು ತಿರುಗಿ ಅವನನ್ನು ಮಾತ್ರ ನೋಡಿದ್ದಳು.

ನಲ್ಲಿಯ ಮುಂದೆ ಅವನು ಕಾಲು ಬದಲಿಸಿದ. ಬದಲಿಸಿದ್ದು ಗೊತ್ತಾಗಿ ಕೆಳಗೆ ನೋಡಿಕೊಂಡ. ಎಡಪಾದ ಬಲ ಮೊಣಕಾಲಿನ ಕೆಳಗೆ ಮೊಳೆ ಹೊಡೆದಂತೆ ಅಂಟಿಕೊಂಡಿತ್ತು, ಅವನು ಒಂಟಿ ಕಾಲಲ್ಲಿ ನಿಂತಿದ್ದ. ಹೆಂಡತಿ ಹೇಳಿದ್ದು ನಿಜ. ನಿನ್ನೆ ಸಂಜೆಯಷ್ಟೇ ಹೇಳಿದ್ದಳು. ಹದಿನಾಲ್ಕು ವರ್ಷದ ಮಗಳು ಶಾಲೆಯ ಅಂಕಪಟ್ಟಿಯನ್ನು ಒಂದು ತಿಂಗಳು ಹಾಸಿಗೆಯ ಕೆಳಗೆ ಅಡಗಿಸಿಟ್ಟದ್ದು ಸಿಕ್ಕಿಬಿದ್ದಿತ್ತು. ಅವನ ಬಾಯಿಂದ ಬಂದುಬಿಟ್ಟಿತು: “ಎಲ್ಲಿಂದ ಬಂತೋ ಈ ಬುದ್ಧಿ ನಿನಗೆ!” ಎಲ್ಲ ಅಪ್ಪಂದಿರೂ ಎಲ್ಲ ಮಕ್ಕಳಿಗೂ ಹೇಳುವ ಮಾತು. ಆದರೆ ಅವಳನ್ನು ಹನ್ನೊಂದು ತಿಂಗಳ ಕೂಸಾಗಿದ್ದಾಗ ಅನಾಥಾಲಯದಿಂದ ತಂದು ಸಾಕಿದ್ದರು, ಅದು ಅವಳಿಗೂ ಗೊತ್ತಿತ್ತು. ಮಾತು ನೆಲಕ್ಕೆ ಬಿದ್ದ ಮೇಲೆ ಮನೆಯಲ್ಲಿ ಕುಕ್ಕರಿನ ಸದ್ದೂ ಜಾಸ್ತಿಯಾಯಿತು. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು, ಒಂದು ಪಾದ ಇನ್ನೊಂದು ಕಾಲಿಗೆ ಒತ್ತಿಕೊಂಡು. ಅವಳು ಒಳಗೆ ಹೋದ ಮೇಲೆ ಹೆಂಡತಿ ಮೆಲ್ಲಗೆ ಕೇಳಿದಳು: “ಹಾಗೆ ನಿಲ್ತಾಳಲ್ಲ, ಅದೆಲ್ಲಿಂದ ಬಂತು ಹೇಳಿ?” “ನಮ್ಮಮ್ಮ ಹಾಗೆ ನಿಲ್ತಿದ್ಲು.” “ನಿಮ್ಮಮ್ಮ ಹೋದ ಎರಡು ವರ್ಷಕ್ಕೆ ಇವಳು ಬಂದದ್ದು. ಪಾತ್ರೆ ತೊಳೆಯುವಾಗ ನಿಮ್ಮ ಕಾಲು ಸ್ವಲ್ಪ ನೋಡ್ಕೊಳ್ಳಿ.” ಅಷ್ಟು ಹೇಳಿ ಅವಳು ಒಲೆ ಆರಿಸಿದಳು. ಅವನು ಈಗ ಪಾದವನ್ನು ಮೆಲ್ಲಗೆ ನೆಲಕ್ಕಿಳಿಸಿದ. ಅಮ್ಮ ಅವನೊಳಗಿನಿಂದ ಹಾದು, ಅವನಿಗೇ ತಿಳಿಸದೆ, ರಕ್ತದ ಹಂಗಿಲ್ಲದ ಒಂದು ಹುಡುಗಿಯ ಕಾಲಿನಲ್ಲಿ ಹೋಗಿ ನಿಂತಿದ್ದಳು. ಹಾಗಾದರೆ ಬಚ್ಚಿಡುವ ಬುದ್ಧಿ ಎಲ್ಲಿಂದ ಹಾದುಹೋಯಿತು ಎಂದು ಯಾರನ್ನು ಕೇಳಬೇಕು?

ಎಂಟು ತಿಂಗಳ ಹಿಂದಿನ ಆ ಸೋಮವಾರದ ಬೆಳಕೂ ಹೀಗೇ ಇತ್ತು, ಕಿಟಕಿಯಿಂದ ಓರೆಯಾಗಿ ಬಟ್ಟಲುಗಳ ಮೇಲೆ ಬಿದ್ದಿತ್ತು. ಮೊದಲ ಸಲ ಅವಳ ಹುಳಗಳಿಗೆ ಬರೀ ನೀರಿನಲ್ಲಿ ಎರಡು ತಲೆ ಬಂದಾಗ ಅವನು ನಾದಿನಿಯ ಆಪರೇಷನ್ನಿಗೆಂದು ರಜೆಯಲ್ಲಿದ್ದ. ದೊಡ್ಡವರು ನಂಬಲಿಲ್ಲ. ಸಮಿತಿಯ ಮುಂದೆ ಮಾಡಿ ತೋರಿಸು ಎಂದರು. ಅವಳು ಎರಡೂ ತಲೆ ಕತ್ತರಿಸಿದ ಇಪ್ಪತ್ತು ತುಂಡುಗಳನ್ನು ಬರೀ ನೀರಿಗೆ ಬಿಟ್ಟು, ಮುಚ್ಚಳದ ಮೇಲೆ ಚೀಟಿ ಅಂಟಿಸಿ, ಅವನಿಗೆ ಹೇಳಿದ್ದಳು: “ಅಣ್ಣ, ಹತ್ತನೇ ದಿನದವರೆಗೂ ನಾನು ಮುಚ್ಚಳ ತೆಗೆಯಲ್ಲ. ನಾನೇ ಏನೋ ಕೈಚಳಕ ಮಾಡಿದೆ ಅಂತ ಯಾರೂ ಅನ್ನಬಾರದು. ನೀರು ನೀವೇ ಬದಲಿಸಿ. ನಿಮ್ಮ ಕೈ ಅಂದ್ರೆ ನಂಗೆ ನಂಬಿಕೆ.” ಒಂಬತ್ತನೇ ದಿನ ಸೋಮವಾರ ಬಂತು. ಅವನು ನೀರು ಬದಲಿಸಲು ಮುಚ್ಚಳ ತೆಗೆದ. ಹನ್ನೊಂದು ಹುಳಕ್ಕೆ ಎರಡು ತಲೆ. ಅವನಿಗಾದದ್ದು ಬೆರಗಲ್ಲ, ಹೆದರಿಕೆ. ಬರೀ ನೀರಿನಲ್ಲಿ ಎರಡು ತಲೆ ಬರುವುದಿಲ್ಲ ಎಂಬುದು ಮೂವತ್ತು ವರ್ಷದಿಂದ ಅವನಿಗೆ ಗೊತ್ತಿದ್ದ ವಿಷಯ. ಪಕ್ಕದಲ್ಲೇ ಅವಳ ಇನ್ನೊಂದು ಬಟ್ಟಲಿತ್ತು, ಮದ್ದು ಕೊಟ್ಟ ಎರಡು ತಲೆಯ ಹುಳಗಳದು. ಶನಿವಾರ ಎರಡು ಬಟ್ಟಲ ಹುಳಗಳನ್ನೂ ಹೊಸ ನೀರಿಗೆ ಒಂದೇ ಗಾಜುನಳಿಕೆಯಿಂದ, ಒಂದೇ ಪಿಪೆಟ್‌ನಿಂದ ಬದಲಿಸಿದ್ದ. ಅಲ್ಲಿಯವನ್ನು ಇಲ್ಲಿಗೆ, ಇಲ್ಲಿಯವನ್ನು ಅಲ್ಲಿಗೆ ನಾನೇ ಅದಲುಬದಲು ಮಾಡಿಬಿಟ್ಟೆ, ಪಾಪದ ಹುಡುಗಿ ನಾಳೆ ಎಲ್ಲರ ಮುಂದೆ ನನ್ನ ತಪ್ಪಿನಿಂದ ಸುಳ್ಳುಗಾರ್ತಿಯಾಗುತ್ತಾಳೆ ಎಂದುಕೊಂಡ. ಹನ್ನೊಂದನ್ನೂ ಎತ್ತಿದ. ಅವುಗಳ ಜಾಗಕ್ಕೆ ತೊಟ್ಟಿಯಿಂದ ಒಳ್ಳೆಯ, ಒಂದು ತಲೆಯ ಹನ್ನೊಂದನ್ನು ಆರಿಸಿ ಹಾಕಿದ. ಒಂದೇ ಅಳತೆಯವು ಸಿಗಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಪ್ರೀತಿಯಿಂದ ಅವನು ಯಾರ ಕೆಲಸವನ್ನೂ ಮಾಡಿರಲಿಲ್ಲ.

ಮಂಗಳವಾರ ಅವಳು ಮುಚ್ಚಳ ತೆಗೆದು ಎಣಿಸಿದಳು. ಇಪ್ಪತ್ತು ಹುಳ, ಇಪ್ಪತ್ತು ತಲೆ. “ಇನ್ನೊಂದ್ಸಲ,” ಎಂದಳು. ಇಪ್ಪತ್ತು ತಲೆ. ಸಮಿತಿಯವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಮೂರನೆಯ ಸಲ ಎಣಿಸುವಾಗ ಅವಳ ಕೈಯಿಂದ ಪೆನ್ನು ಬಿತ್ತು. “ಹುಳದಣ್ಣ, ಈ ಬಟ್ಟಲನ್ನ ಯಾರಾದ್ರೂ ಮುಟ್ಟಿದ್ರಾ?” ದೊಡ್ಡವರು ಕೇಳಿದರು. ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತವನು, “ಇಲ್ಲ ಸಾರ್, ಎಲ್ಲಾ ಕ್ಲೀನಾಗಿದೆ,” ಎಂದ. ದೊಡ್ಡವರು ಅವಳ ಕಡೆ ತಿರುಗಿ, ಸಿಟ್ಟಿಲ್ಲದೆ, ಅದೇ ಹೆಚ್ಚು ಕ್ರೂರವಾಗಿತ್ತು, “ತಲೆ ಎಣಿಸೋದು ಒಂದನೇ ಕ್ಲಾಸಿನ ಪಾಠಮ್ಮ,” ಎಂದರು. ಕೋಣೆ ಖಾಲಿಯಾದ ಮೇಲೆ ಅವನು ತಟ್ಟೆ ಕೆಳಗಿಟ್ಟು ಮದ್ದಿನ ಬಟ್ಟಲನ್ನು ಎಣಿಸಿದ. ಎರಡು ತಲೆಯವು ಹನ್ನೊಂದು ಕಡಿಮೆ ಇರಬೇಕಿತ್ತು. ಒಂದೂ ಕಡಿಮೆ ಇರಲಿಲ್ಲ. ಹಾಗಾದರೆ ಅವನು ಏನನ್ನೂ ಅದಲುಬದಲು ಮಾಡಿರಲಿಲ್ಲ. ಆ ಹನ್ನೊಂದು, ಬರೀ ನೀರಿನಲ್ಲಿ, ತಾವಾಗಿಯೇ ಬಂದಿದ್ದವು. ಕಾರಿಡಾರಿನಲ್ಲಿ ಅವಳ ಚಪ್ಪಲಿಯ ಸದ್ದು ಇನ್ನೂ ಕೇಳುತ್ತಿತ್ತು. ಓಡಿದ್ದರೆ ಮೆಟ್ಟಿಲಿನಲ್ಲೇ ಸಿಗುತ್ತಿದ್ದಳು. ಅವನು ಓಡಲಿಲ್ಲ, ಚಹಾದ ಲೋಟಗಳನ್ನು ತೊಳೆದ.

ಅವಳು ಮತ್ತೆ ಮಾಡಿ ತೋರಿಸುತ್ತಾಳೆ ಬಿಡು ಎಂದುಕೊಂಡ ಮೊದಲ ವಾರ. ದೊಡ್ಡವರು ಅವಕಾಶ ಕೊಡಲಿಲ್ಲ ಎಂದು ತಿಳಿದ ಮೇಲೆ, ನಾಳೆ ಹೇಳುತ್ತೇನೆ ಎಂದುಕೊಂಡ. ನಾಳೆಗಳು ಎಂಟು ತಿಂಗಳಾದವು. ಹೇಳಿದರೂ ಸಾಕ್ಷಿ ಏನು, ಹುಳಗಳು ಬ್ಲೀಚಿನಲ್ಲಿ ಸತ್ತಿವೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳುತ್ತಿದ್ದ. ಅದೂ ಸುಳ್ಳು ಎಂದು ಅವನಿಗೆ ಎಲ್ಲೋ ಗೊತ್ತಿತ್ತು. ಆ ಸೋಮವಾರ ಬ್ಲೀಚು ಮುಗಿದಿತ್ತು. ಹನ್ನೊಂದನ್ನೂ ಖಾಲಿ ಜಾಮಿನ ಸೀಸೆಗೆ ಹಾಕಿ, ಒಂದಿಷ್ಟು ನೀರು ಸುರಿದು, ತೊಟ್ಟಿಯ ಕೆಳಗಿನ ಗೂಡಿನೊಳಕ್ಕೆ ತಳ್ಳಿದ್ದ, ಆಮೇಲೆ ನೋಡೋಣ ಎಂದು. ಆಮೇಲೆ ಆ ಗೂಡಿನ ಬಾಗಿಲು ತೆಗೆಯಲು ಅವನ ಕೈ ಏಳಲಿಲ್ಲ. ಒಂದು ತಿಂಗಳ ಹಿಂದೆ ನಲ್ಲಿ ರಿಪೇರಿಯವನು ಬಂದು ಎಲ್ಲವನ್ನೂ ಹೊರಗೆಳೆದು ಕಟ್ಟೆಯ ಮೇಲಿಟ್ಟ. “ಏನಣ್ಣ ಇದು, ಉಪ್ಪಿನಕಾಯಿ ಹಾಕಿದ್ರಾ?” ಸೀಸೆ ಹಸಿರುಗಟ್ಟಿತ್ತು. ಬೆಳಕಿಗೆ ಹಿಡಿದಾಗ ತಳದಲ್ಲಿ ಏಳು ಎಳ್ಳುಕಾಳು ಹರಿದಾಡುತ್ತಿದ್ದವು.

ಅವನು ಅವತ್ತು ಸ್ಟೂಲಿನ ಮೇಲೆ ಕೂತದ್ದು ಕೂತೇ ಇದ್ದ. ಏಳು ತಿಂಗಳು ಅನ್ನವಿಲ್ಲ, ಬೆಳಕಿಲ್ಲ. ಹಸಿದ ಹುಳ ತನ್ನ ಮೈಯನ್ನೇ ತಿಂದುಕೊಂಡು ಬದುಕುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಹೀಗೆ? ಮಸೂರದ ಕೆಳಗಿಟ್ಟು ನೋಡಿದರೆ, ಒಂದು ಕಡೆಯಿಂದ ಕರಗಿಕೊಂಡು ಬಂದಿರಲಿಲ್ಲ. ಎಲ್ಲ ಭಾಗವೂ ಪಾಲು ತಪ್ಪದಂತೆ ಚಿಕ್ಕದಾಗಿತ್ತು, ಕಣ್ಣೂ ಚಿಕ್ಕದು, ಕುತ್ತಿಗೆಯೂ ಚಿಕ್ಕದು. ಎರಡೂ ತಲೆ ಇದ್ದವು. ಒಂದು ತಲೆಯನ್ನು ತಿಂದು ಇನ್ನೊಂದನ್ನು ಉಳಿಸಿಕೊಳ್ಳಬಹುದಿತ್ತು; ಯಾವ ಮನೆಯವರಾದರೂ ಬರಗಾಲದಲ್ಲಿ ಹಾಗೇ ಮಾಡುತ್ತಾರೆ. ಇವು ಮಾಡಿರಲಿಲ್ಲ. ತಾನು ಹೀಗೆ ಎಂದು ಒಮ್ಮೆ ತೀರ್ಮಾನಿಸಿದ ಮೈ, ಮೈಯೇ ಉಳಿಯದ ಹೊತ್ತಿನಲ್ಲೂ ಆ ತೀರ್ಮಾನವನ್ನು ಕೈಬಿಟ್ಟಿರಲಿಲ್ಲ. ಯಾರು ಹಿಡಿದುಕೊಂಡಿದ್ದರು ಅದನ್ನು? ಹಳೆಯ ಜೀವಕೋಶಗಳು ಎಂದೋ ಸತ್ತು ಹೊಸವು ಬಂದಿದ್ದವು, ಹೊಸಬರಿಗೆ ಹಳಬರು ಹೇಳಿಹೋಗಿದ್ದರು. ಎಲ್ಲಿಯೂ ಬರೆದಿಡದ ಮಾತು. ಅವನಿಗೆ ಕಣ್ಣು ತುಂಬಿ ಬಂತು. ಮೂವತ್ತು ವರ್ಷ ಪ್ರತಿ ಸೋಮವಾರ ತಾನು ಎತ್ತಿ ಬಿಸಾಡಿದ ಓರೆಕೋರೆಗಳಲ್ಲಿ ಇನ್ನೆಷ್ಟು ಮಾತಿದ್ದವೋ ಎಂಬ ಯೋಚನೆ ಬಂತು. ಎರಡೂವರೆ ವಾರ ಕದ್ದುಮುಚ್ಚಿ ಲಿವರ್ ಹಾಕಿ ಅವುಗಳನ್ನು ಉಗುರಿನಷ್ಟು ಬೆಳೆಸಿದ. ಆಮೇಲೆ ಒಂದು ಮಂಗಳವಾರ ಬ್ಲೇಡು ತೆಗೆದುಕೊಂಡು ಮೂರರ ಎರಡೂ ತಲೆ ಕತ್ತರಿಸಿ ಬರೀ ನೀರಿಗೆ ಬಿಟ್ಟ.

ಹತ್ತೂಮುಕ್ಕಾಲು. ಕ್ಯಾಲೆಂಡರಿನ ಹಾಳೆ ತೆಗೆದು ಬಟ್ಟಲನ್ನು ಮಸೂರದ ಕೆಳಗಿಟ್ಟ. ಮೊದಲು ಕಂಡದ್ದು ತನ್ನದೇ ರೆಪ್ಪೆ. ತಿರುಗಣೆ ತಿರುಗಿಸಿದ. ಮಬ್ಬು ಮೆಲ್ಲಗೆ ಗಟ್ಟಿಯಾಯಿತು. ಒಂದು ತಲೆ, ಎರಡು ಮೆಳ್ಳೆಗಣ್ಣು, ಅವನನ್ನೇ ನೋಡುತ್ತಿರುವಂತೆ. ಬಟ್ಟಲನ್ನು ಸರಿಸುತ್ತಾ ಮೈಯುದ್ದಕ್ಕೂ ಹೋದ. ಆ ತುದಿಯಲ್ಲಿಯೂ ತಲೆ. ಅದೂ ಹೊಸದೇ, ಇನ್ನೂ ಬಣ್ಣ ಕೂಡದ ಬಿಳಿ ಚರ್ಮ, ಅದರಲ್ಲಿ ಈಗಷ್ಟೇ ಚುಕ್ಕೆ ಇಟ್ಟಂತೆ ಎರಡು ಕಣ್ಣು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೂ. ಎರಡು ತಲೆಗಳು ಎರಡು ದಿಕ್ಕಿಗೆ ಎಳೆಯುತ್ತಿದ್ದವು, ಹುಳ ಹಿಗ್ಗಿ, ಹಿಗ್ಗಿ, ನಿಂತು, ಒಂದು ತಲೆ ಬಿಟ್ಟುಕೊಟ್ಟಿತು. ಇನ್ನೊಂದರ ಹಿಂದೆ ಇಡೀ ಮೈ ಹರಿದುಹೋಯಿತು. ಆಮೇಲೆ ಅದರ ಸರದಿ. ಅವನು ಉಸಿರು ಹಿಡಿದದ್ದು ಬಿಟ್ಟಾಗ ಮಸೂರದ ಗಾಜು ಮಂಜಾಯಿತು. ಒರೆಸಿ ಮತ್ತೆ ನೋಡಿದ. ಅಮ್ಮ ಬದುಕಿದ್ದರೆ ಇವತ್ತು ಮನೆಗೆ ಓಡಿಹೋಗಿ ಹೇಳಬಹುದಿತ್ತು.

“ಅಣ್ಣ.” ಬಾಗಿಲಲ್ಲಿ ಅವಳು. ಸ್ವಲ್ಪ ಸೊರಗಿದ್ದಳು, ಕೈಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು. ಒಳಗೆ ಬರದೆ ಅಲ್ಲಿಂದಲೇ ಕಾಗದ ಚಾಚಿದಳು. “ಒಂದು ಸಹಿ ಹಾಕ್ಬಿಡಿ. ನಾಲ್ಕನೇ ಪೀರಿಯಡ್‌ಗೆ ಕ್ಲಾಸಿದೆ.” ಅವನು ಕಾಗದ ತೆಗೆದುಕೊಂಡ. ಪೆನ್ನು ಜೇಬಿನಲ್ಲೇ ಇತ್ತು. ಸಹಿ ಹಾಕಿದರೆ ಇನ್ನರ್ಧ ನಿಮಿಷದಲ್ಲಿ ಅವಳು ಹೋಗುತ್ತಾಳೆ, ಬಟ್ಟಲು ತೊಳೆದಿಡಬಹುದು, ಹೊಸ ಬ್ಲೀಚಿನ ಕ್ಯಾನು ಅಲ್ಲೇ ಇದೆ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ಹೆದರಿಕೆಯಾಯಿತು. “ಇದನ್ನ ಒಂದ್ಸಲ ನೋಡಮ್ಮ,” ಎಂದು ಪಕ್ಕಕ್ಕೆ ಸರಿದ. ಅವಳು ಚೀಲ ಇಳಿಸದೆಯೇ ಬಗ್ಗಿದಳು.

ಅವಳ ಬೆರಳು ತಿರುಗಣೆಯನ್ನು ಹಿಂದೆ ಮುಂದೆ ಮಾಡುತ್ತಿತ್ತು. “ಯಾವ ಮದ್ದು?” “ಬರೀ ನೀರು. ಹತ್ತು ದಿನ.” “ಹುಳ ಎಲ್ಲಿಂದ ಬಂತು?” ಅವನು ಹೇಳಿದ. ಸೋಮವಾರ, ಪಿಪೆಟ್ಟು, ತೊಟ್ಟಿಯಿಂದ ಆರಿಸಿ ಹಾಕಿದ ಹುಳಗಳು, ಲೆಕ್ಕ ತಪ್ಪದ ಮದ್ದಿನ ಬಟ್ಟಲು, ಜಾಮಿನ ಸೀಸೆ. ಹೇಳುವಾಗ ತನ್ನ ಒಳ್ಳೆಯತನ ಕಾಣುವಂಥ ಒಂದೆರಡು ಮಾತು ನಾಲಗೆಯ ತುದಿಗೆ ಬಂದವು, ನುಂಗಿಕೊಂಡ. “ಅವತ್ತು ಸಂಜೆಯೇ ನಂಗೆ ಗೊತ್ತಾಗಿತ್ತಮ್ಮ. ಹೇಳಲಿಲ್ಲ.” ಅವಳು ಮಸೂರದಿಂದ ಕಣ್ಣು ತೆಗೆಯಲಿಲ್ಲ. ಬೈಯಲಿ ಎಂದು ಅವನು ಕಾದ. “ಎಷ್ಟಿದ್ವು?” “ಹನ್ನೊಂದು.” “ಇಪ್ಪತ್ತರಲ್ಲಿ ಹನ್ನೊಂದು,” ಎಂದಳು, ಕಳೆದುಹೋದ ಮಗುವಿನ ಹೆಸರು ಹೇಳುವಂತೆ. ಮತ್ತೆ ಹೇಳಿದಳು. ಆಗ ಅವಳ ಭುಜ ಅಲುಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಮುಖ ಎತ್ತಿದಾಗ ಎರಡೂ ಆಗಿತ್ತು. “ಎಂಟು ತಿಂಗಳು ನಾನು ನನ್ನ ಕಣ್ಣನ್ನೇ ನಂಬಿರಲಿಲ್ಲ ಅಣ್ಣ. ಮಕ್ಕಳ ಹಾಜರಿ ಎಣಿಸುವಾಗ್ಲೂ ಮೂರು ಸಲ ಎಣಿಸ್ತಿದ್ದೆ.”

ಅವಳು ಚೀಲ ಇಳಿಸಿದಳು. “ಬ್ಲೇಡ್ ಕೊಡಿ,” ಎಂದಳು. ಉಳಿದ ನಾಲ್ಕು ಹುಳಗಳನ್ನು ತರಿಸಿ, ಒಂದೊಂದರ ಎರಡೂ ತಲೆ ಕತ್ತರಿಸಿದಳು. ಹೊಸ ಬಟ್ಟಲು, ಬರೀ ನೀರು. ಚೀಟಿಯ ಮೇಲೆ ತಾರೀಖು ಬರೆದು ಬೆರಳು ಮಡಚಿ ದಿನ ಎಣಿಸಿದಳು. “ಹತ್ತನೇ ದಿನ ಸೋಮವಾರ ಬರುತ್ತೆ.” “ಹೌದಮ್ಮ.” “ಅವತ್ತು ನೀವು ರಜಾ ಹಾಕಿ.” ಅವಳ ಧ್ವನಿಯಲ್ಲಿ ಕ್ಷಮೆ ಇರಲಿಲ್ಲ, ಅದನ್ನು ಅವನು ಬೇಡಲೂ ಇಲ್ಲ. ಸಹಿಯಿಲ್ಲದ ಕಾಗದವನ್ನು ಅವಳು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ತುರುಕಿದಳು. “ದೊಡ್ಡವರು ಮೇಲಿದ್ದಾರಾ?” “ಇದ್ದಾರೆ.” “ಅವರಿಗೆ ನೀವೇ ಹೇಳ್ಬೇಕು. ನಾನು ಜೊತೇಲಿ ಬರಲ್ಲ. ಹುಳ ಬಿಟ್ಟು ನಾನು ಎಲ್ಲಿಗೂ ಬರಲ್ಲ.”

ಅವನು ಕೈ ತೊಳೆಯದೆ ಹೊರಟ. ಸೋಮವಾರ ರಜೆ ಎಂದರೆ ಮನೆಯಲ್ಲಿ ಏನು ಮಾಡುವುದು ಎಂದು ಮೆಟ್ಟಿಲು ಹತ್ತುತ್ತಾ ಯೋಚಿಸಿದ. ಮಗಳು ಶಾಲೆಗೆ ಹೊರಡುವ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಸೋಮವಾರದವರೆಗೆ ಯಾಕೆ ಕಾಯಬೇಕು, ಇವತ್ತು ಸಂಜೆಯೇ ಹೇಳಬಹುದು: ಆ ಬುದ್ಧಿ ಎಲ್ಲಿಂದ ಬಂತು ಅಂತ ಕೇಳಿದ್ನಲ್ಲ ಮಗಳೇ, ಗೊತ್ತಾಯ್ತು, ನನ್ನಿಂದಲೇ ಬಂತು. ದೊಡ್ಡವರ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಅವರು ಕನ್ನಡಕ ಒರೆಸುತ್ತಿದ್ದರು. “ಏನಪ್ಪಾ ಹುಳದಣ್ಣ, ಎಲ್ಲಾ ಕ್ಲೀನಾಗಿದೆಯಾ?” ಎಂದು ರೂಢಿಯಂತೆ ಕೇಳಿದರು.

“ಇಲ್ಲ ಸಾರ್,” ಎಂದ ಅವನು, ಮತ್ತು ಒಳಗೆ ಹೋದ.